ಗಡಿಯಲ್ಲಿ ಕೇಳಿದ ವಯಸ್ಸು

ನನ್ನ ಹೆಂಡತಿ ನನಗಿಂತ ಮೂರು ವರ್ಷ ದೊಡ್ಡವಳು. ಸಂಗತಿ ಇಷ್ಟೇ. ಆದರೆ ಇದನ್ನು ನಾನು ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲು. ನನಗೀಗ ಅರವತ್ತೆಂಟು. ಈ ಕೈಯಿಂದ ಸಾವಿರಾರು ಜನರ ವಯಸ್ಸು ಬರೆದಿದ್ದೇನೆ. ಅವಳೊಬ್ಬಳದನ್ನು ಒಮ್ಮೆಯೂ ಸರಿಯಾಗಿ ಬರೆಯಲಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಹಗರಿಬೊಮ್ಮನಹಳ್ಳಿಯಲ್ಲಿ ತಾಲೂಕು ಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಮೂವತ್ತೈದು ವರ್ಷ ಅರ್ಜಿ ಬರೆದುಕೊಟ್ಟು ಬದುಕಿದೆ. ರೇಷನ್ ಕಾರ್ಡು, ಪಿಂಚಣಿ, ಪಹಣಿ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಪ್ರತಿ ಅರ್ಜಿಯಲ್ಲೂ ವಯಸ್ಸಿನ ಒಂದು ಕಾಲಂ ಇರುತ್ತಿತ್ತು. ಹಂಪಸಾಗರದ ಕಡೆಯಿಂದ ಬರುತ್ತಿದ್ದ ಕುರಿಗಾರ ಮುದುಕನೊಬ್ಬ, "ವಯಸ್ಸೆಷ್ಟು ಅಜ್ಜಾ" ಎಂದರೆ, "ದೊಡ್ಡ ಹೊಳಿ ಬಂದಾಗ ನಾನು ಕುರಿ ಹಿಂದ ಅಡ್ಡಾಡ್ತಿದ್ದೆ, ಅದರ ಮ್ಯಾಲಿಂದ ನೀವ ನೋಡಿ ಹಾಕ್ರಿ" ಎಂದಿದ್ದ. ನಾನು ಅವನ ಹಲ್ಲು ನೋಡಿ, ಮೊಮ್ಮಕ್ಕಳನ್ನು ಕೇಳಿ, ಒಂದು ಸಂಖ್ಯೆ ಬರೆದೆ. ಹೀಗೆ ನಾನು ಅಂದಾಜಿನಲ್ಲಿ ಬರೆದದ್ದೆಲ್ಲ ಆಮೇಲೆ ಸರಕಾರದ ದಾಖಲೆಯಾಯಿತು. ನನಗೆ ಅದರ ಬಗ್ಗೆ ಒಂದು ಜಂಬವೂ ಇತ್ತು. ಕಾನೂನು ಗೊತ್ತಿರುವವನು ಎಂದು ನಮ್ಮ ಓಣಿಯಲ್ಲಿ ಹೆಸರು.

ಅವಳು ನನ್ನ ಸೋದರತ್ತೆಯ ಮಗಳು, ಕೂಡ್ಲಿಗಿ ಕಡೆಯ ಹಳ್ಳಿಯವಳು. ಹುಡುಗಿ ದೊಡ್ಡವಳು ಎಂದು ನಮ್ಮ ತಂದೆ ಸ್ವಲ್ಪ ಹಿಂದೆಮುಂದೆ ನೋಡಿದರಂತೆ. "ಮನ್ಯಾಗಿನ ಹುಡುಗಿ, ಹೊರಗ ಕೊಡಾದು ಬ್ಯಾಡ" ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಲಗ್ನವಾಯಿತು. ವಾರವೂ ಕಳೆದಿರಲಿಲ್ಲ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯ ಹೋಟೆಲಿನಲ್ಲಿ ಹತ್ತು ಜನರ ಎದುರು ಕೇಳಿದ: "ಏನಲೇ, ಅಕ್ಕನ್ನ ಲಗ್ನ ಮಾಡ್ಕೊಂಡ್ಯಂತ? ಮನ್ಯಾಗ ಬರೇ ಬೈಸ್ಕೊಂತಿಯೋ, ಏಟೂ ತಿಂತಿಯೋ?"

ಎಲ್ಲರೂ ನಕ್ಕರು. ನನಗೆ ಕಿವಿಯೆಲ್ಲ ಬಿಸಿಯಾಯಿತು.

"ಯಾರಲೇ ಹೇಳಿದ್ದು ನಿನಗ? ನನಗಿಂತ ನಾಕು ವರ್ಷ ಸಣ್ಣಾಕಿ ಅದಾಳ ಅಕಿ" ಎಂದೆ.

ಬಾಯಿಗೆ ಬಂದ ಸಂಖ್ಯೆ ಅದು. ಆದರೆ ಆವತ್ತಿನಿಂದ ಎಲ್ಲ ಕಾಗದವೂ ಆ ಮಾತಿಗೆ ತಕ್ಕಂತೆ ಇರಬೇಕಾಯಿತು. ರೇಷನ್ ಕಾರ್ಡಿನಲ್ಲಿ ನಾಲ್ಕು ವರ್ಷ ಸಣ್ಣವಳು. ಮತದಾರರ ಪಟ್ಟಿಯಲ್ಲಿ ನಾಲ್ಕು ವರ್ಷ ಸಣ್ಣವಳು. ಬರೆಯುವವನು ನಾನೇ ಆದ್ದರಿಂದ ಕಷ್ಟವೇನೂ ಇರಲಿಲ್ಲ. ಅವಳಿಗೆ ಇದು ಗೊತ್ತಿತ್ತು. ಒಂದೆರಡು ಸಲ, "ಯಾಕ ಹಂಗ ಬರೀತೀರಿ" ಎಂದು ಕೇಳಿದ್ದಳು. "ಕಾಗದಾಗ ಏನಿದ್ರ ನಿನಗೇನು" ಎಂದು ಗದರಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟಳು.

ಮೂರು ವರ್ಷದ ಹಿಂದೆ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿನಲ್ಲಿ ಒತ್ತಡವೂ ಹೆಚ್ಚಿತ್ತು. ಆಪರೇಷನ್ ಮಾಡುತ್ತೇವೆ, ಆದರೆ ದೃಷ್ಟಿ ಪೂರ್ತಿ ಬರುತ್ತದೆಂದು ಹೇಳಲಾಗದು ಎಂದರು ವೈದ್ಯರು. ಅವಳು ಸಣ್ಣವಳಿದ್ದಾಗ ಅವಳ ತಂದೆ ನೇಪಾಳದ ಪಶುಪತಿನಾಥನ ಕಥೆ ಹೇಳುತ್ತಿದ್ದರಂತೆ: ನಾಲ್ಕು ದಿಕ್ಕಿಗೂ ಮುಖವಿರುವ ಲಿಂಗ, ಎಲ್ಲಿ ನಿಂತರೂ ನಿನ್ನನ್ನು ನೋಡುತ್ತದೆ ಎಂದು. ಆಪರೇಷನ್ನಿಗೆ ಹೋಗುವ ಮೊದಲು ಕೊರಳಲ್ಲಿದ್ದ ಲಿಂಗವನ್ನು ಹಿಡಿದುಕೊಂಡು ಹರಕೆ ಹೊತ್ತಳು. "ಕಣ್ಣು ಬಂದ್ರ, ಇವ ಕಣ್ಣೀಲೆ ಪಶುಪತಿನಾಥನ್ನ ನೋಡ್ತೀನಿ." ಕಣ್ಣು ಬಂತು. ಪಟ್ಟಿ ಬಿಚ್ಚಿದ ಮೇಲೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸುಗಳ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಓದಿದಳು. ಮೂರನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ. ನಮ್ಮ ಬಸ್ಸು ಹೋದರೂ ಅವಳಿಗೆ ಖಬರಿರಲಿಲ್ಲ.

ಕೊಟ್ಟೂರಿನಲ್ಲಿ ಒಬ್ಬರು ವರ್ಷಕ್ಕೊಮ್ಮೆ ಬಸ್ಸು ಮಾಡಿ ಕಾಶಿ, ಅಯೋಧ್ಯೆ, ನೇಪಾಳಕ್ಕೆ ಜನರನ್ನು ಕರೆದೊಯ್ಯುತ್ತಾರೆ. ಅವರನ್ನು ಯಾತ್ರೆಯವರು ಎಂದೇ ಕರೆಯುತ್ತೇನೆ. ಹೋದ ವರ್ಷ ನಾವಿಬ್ಬರೂ ಹೆಸರು ಬರೆಸಿದೆವು. ನನ್ನ ಆ ಗೆಳೆಯನೂ ಬರೆಸಿದ. ಅವನ ಕಿರಾಣಿ ಅಂಗಡಿ ನಮ್ಮ ಓಣಿಯ ತುದಿಯಲ್ಲೇ ಇದೆ. ಅವನನ್ನು ಬಿಟ್ಟು ನಾನು ಎಲ್ಲಿಗೂ ಹೋಗಿದ್ದಿಲ್ಲ.

ಹೊರಡುವ ತಿಂಗಳ ಮುಂಚೆ ಯಾತ್ರೆಯವರು ಕೊಟ್ಟೂರಿನಲ್ಲಿ ಎಲ್ಲರನ್ನೂ ಕೂಡಿಸಿ ನಿಯಮ ಓದಿ ಹೇಳಿದರು.

"ನೋಡ್ರಿ, ನೇಪಾಳ ಅಂದ್ರ ಹೊರದೇಶ. ನಮಗ ವೀಸಾ ಬೇಕಾಗಂಗಿಲ್ಲ, ಆದ್ರ ಗುರುತು ಬೇಕು. ಪಾಸ್‌ಪೋರ್ಟ್ ಇದ್ರ ಅದು, ಇಲ್ಲಾಂದ್ರ ವೋಟರ್ ಕಾರ್ಡ್. ಆಧಾರ್ ನಡೆಯಂಗಿಲ್ಲ. ಅರವತ್ತೈದು ದಾಟಿದೋರಿಗೆ ಮಾತ್ರ ಆಧಾರ್ ಇದ್ರೂ ಸಾಕು. ಐದುನೂರರ ನೋಟು ತರಬ್ಯಾಡ್ರಿ, ಗಡಿಯಾಗ ತಕರಾರು ಮಾಡ್ತಾರ."

ಹಿಂದೆ ಕುಳಿತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. "ಇಲ್ಲಿ ಆಧಾರ್ ಇಲ್ಲಾಂದ್ರ ಬಸ್ಸಿನ್ಯಾಗ ಸೈತ ಪುಕ್ಕಟ ಹತ್ತಸಂಗಿಲ್ಲ. ಅಲ್ಲಿ ಅದನ್ನ ತೋರ್ಸಿದ್ರ ಬಿಡಂಗಿಲ್ಲ ಅಂತೀರಿ. ಇದೆಂಥ ತಲಿಕೆಟ್ಟ ಕಾನೂನ್ರೀ?"

ನಾನು ಸುಮ್ಮನಿರಬಹುದಿತ್ತು. ಎದ್ದು ನಿಂತು, ಆಧಾರ್ ಎಂದರೆ ವಾಸದ ಗುರುತು, ವೋಟರ್ ಕಾರ್ಡು ಎಂದರೆ ಈ ದೇಶದ ಪ್ರಜೆ ಎಂಬ ಗುರುತು, ಎರಡಕ್ಕೂ ವ್ಯತ್ಯಾಸವಿದೆ ಎಂದು ಭಾಷಣವನ್ನೇ ಮಾಡಿದೆ. ಎಲ್ಲರೂ ತಲೆಯಾಡಿಸಿದರು. "ನೀವಿದ್ರ ನಮಗ ಚಿಂತಿ ಇಲ್ಲ ಬಿಡ್ರಿ" ಎಂದರು ಯಾತ್ರೆಯವರು. ಆ ಮಾತು ನೆನಪಾದರೆ ಈಗ ಮೈ ಉರಿಯುತ್ತದೆ.

ಹೊರಡುವ ದಿನ ಅವಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ ನಮ್ಮಿಬ್ಬರ ಆಧಾರ್, ವೋಟರ್ ಕಾರ್ಡುಗಳನ್ನು ಇಟ್ಟು ಬ್ಯಾಗಿನ ತಳಕ್ಕೆ ಹಾಕಿದ್ದಳು. ನಾನು ಅದನ್ನು ತೆಗೆದು ವೋಟರ್ ಕಾರ್ಡುಗಳನ್ನು ಹೊರಗೆ ಇಟ್ಟೆ.

"ಅವು ಬೇಕು ಅಂದಿದ್ರಲ್ರಿ ಅವ್ರು?" ಎಂದಳು.

"ಅರವತ್ತೈದರ ಒಳಗಿನೋರಿಗೆ ಅದು. ನಮಗಲ್ಲ. ಕಳದುಕೊಂಡ್ರ ಮತ್ತೊಂದು ಮಾಡ್ಸಾದು ಎಷ್ಟು ಕಷ್ಟ ಐತಿ ಗೊತ್ತೇನು?"

"ಇರ್ಲಿ ಬಿಡ್ರಿ, ಏನು ಭಾರ ಆಗ್ತಾವು?"

"ಮೂವತ್ತೈದು ವರ್ಷ ಇದ ಕೆಲಸ ಮಾಡೀನಿ. ನನಗ ಹೇಳಿಕೊಡ್ತಿಯೇನು?"

ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ.

ಇಲ್ಲಿ ನಡೆದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಆಗ ಅರವತ್ತೇಳು. ಅವಳು ನನಗಿಂತ ದೊಡ್ಡವಳು, ಅಂದರೆ ಎಪ್ಪತ್ತು. ಹಾಗಾಗಿ ಇಬ್ಬರೂ ಅರವತ್ತೈದು ದಾಟಿದವರು ಎಂದು ನನ್ನ ತಲೆ ಹೇಳಿತು. ಊರಿಗೆಲ್ಲ ಸುಳ್ಳು ಹೇಳಿ, ಕಾಗದಕ್ಕೆಲ್ಲ ಸುಳ್ಳು ಬರೆದು, ನನ್ನ ತಲೆಯಲ್ಲಿ ಮಾತ್ರ ಅವಳ ನಿಜ ವಯಸ್ಸನ್ನು ಇಟ್ಟುಕೊಂಡಿದ್ದೆ. ಕಾರ್ಡಿನಲ್ಲಿ ಅವಳಿಗೆ ಅರವತ್ಮೂರು ಎಂಬುದು, ಅದನ್ನು ಬರೆಸಿದ ನನಗೇ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಕಾಶಿ, ಅಯೋಧ್ಯೆ ಮುಗಿಸಿ ಒಂದು ಬೆಳಿಗ್ಗೆ ಗಡಿಯ ಊರನ್ನು ಮುಟ್ಟಿದೆವು. ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಲಾರಿಗಳ ಸಾಲು, ಸೈಕಲ್ ರಿಕ್ಷಾಗಳು, ತಲೆಯ ಮೇಲೆ ಗಂಟು ಹೊತ್ತವರು. ಆ ಊರಿನವರು ಸಂತೆಗೆ ಹೋದ ಹಾಗೆ ಆಚೆ ಈಚೆ ಓಡಾಡುತ್ತಿದ್ದರು. ನಮ್ಮನ್ನು ಮಾತ್ರ ನಿಲ್ಲಿಸಿದರು. ಆ ವಾರ ತಪಾಸಣೆ ಬಿಗಿ ಮಾಡಿದ್ದಾರಂತೆ. ಯಾಕೆ ಎಂದು ಕೇಳಿದರೆ ಒಬ್ಬರೂ ಸರಿಯಾಗಿ ಹೇಳಲಿಲ್ಲ.

ಮೊದಲು ಬಸ್ಸಿನ ಕಾಗದ. ಹೊರಗಿನ ಬಸ್ಸು ಆಚೆ ಹೋಗಬೇಕಾದರೆ ಎಷ್ಟು ದಿನ ಇರುತ್ತೇವೋ ಅಷ್ಟು ದಿನಕ್ಕೆ ಕಸ್ಟಮ್ಸ್‌ನವರ ಚೀಟಿ ಬೇಕು. ಒಂದು ಕಿಟಕಿಯಲ್ಲಿ ಅರ್ಜಿ, ಇನ್ನೊಂದರಲ್ಲಿ ರಸೀದಿ, ಮೂರನೆಯದರಲ್ಲಿ ಮುದ್ರೆ. ಮೂರನೆಯ ಕಿಟಕಿಯವನು ಮೊದಲನೆಯ ಕಿಟಕಿಗೆ ವಾಪಸ್ ಕಳಿಸಿದ. ನನ್ನ ಜೀವಮಾನವೆಲ್ಲ ಜನರನ್ನು ಹೀಗೆ ಕಿಟಕಿಯಿಂದ ಕಿಟಕಿಗೆ ಕಳಿಸುವ ಕಚೇರಿಯ ಎದುರೇ ಕುಳಿತಿದ್ದೆ. ಅದರ ಸಂಕಟ ಏನೆಂದು ಆವತ್ತು ಗೊತ್ತಾಯಿತು.

ಆಮೇಲೆ ಸಾಮಾನಿನ ತಪಾಸಣೆ. ಬಸ್ಸಿನ ಹೊಟ್ಟೆಯಲ್ಲಿ ಅಡಿಗೆಯವರ ಅಕ್ಕಿ, ಬೇಳೆ, ಜೋಳದ ಹಿಟ್ಟು, ಖಡಕ್ ರೊಟ್ಟಿಯ ನಾಲ್ಕು ದೊಡ್ಡ ಡಬ್ಬಿ. ಆಚೆ ದೇಶದ ಕಸ್ಟಮ್ಸ್ ಸಿಬ್ಬಂದಿ ಒಬ್ಬ ಡಬ್ಬಿ ತೆರೆದು ರೊಟ್ಟಿಯನ್ನು ಬೆರಳಿನಿಂದ ಟಕಟಕ ಬಡಿದು ನೋಡಿದ. ಇದೇನು ಮಾರಲು ಒಯ್ಯುತ್ತಿರುವ ಸಾಮಾನು ಎಂದು ಹಿಂದಿಯಲ್ಲಿ ಕೇಳಿದ.

"ರೋಟಿ ಹೈ ಸಾಬ್, ಖಾನೇ ಕಾ ರೋಟಿ!" ಎಂದು ಯಾತ್ರೆಯವರು ಒಂದನ್ನು ಮುರಿದು ತಾವೇ ತಿಂದು ತೋರಿಸಿದರು. ಅವನಿಗೆ ನಂಬಿಕೆ ಬರಲಿಲ್ಲ. ನನ್ನ ಗೆಳೆಯ ಒಂದು ತುಂಡಿಗೆ ಶೇಂಗಾ ಚಟ್ನಿ ಹಚ್ಚಿ ಅವನ ಕೈಗೇ ಕೊಟ್ಟ. "ತಿನ್ನಪಾ, ತಿಂದು ನೋಡು. ಹಲ್ಲು ಗಟ್ಟಿ ಅದಾವಿಲ್ಲೋ ನಿನ್ನವು?" ಅವನು ತಿಂದು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ. ಹೆಂಗಸರೆಲ್ಲ ನಕ್ಕರು. ರೊಟ್ಟಿ ಬಿಟ್ಟ, ಆದರೆ ಬಾಯಿ ಬಿಚ್ಚದ ಎರಡು ಅಕ್ಕಿ ಚೀಲಗಳನ್ನು ಒಯ್ಯುವಂತಿಲ್ಲ ಎಂದು ಇಳಿಸಿದ. ಅದಕ್ಕೊಂದು ವಾದ, ಅದಕ್ಕೊಂದು ತಾಸು.

ಕಡೆಗೆ ಜನರ ಗುರುತಿನ ತಪಾಸಣೆ. ಶಾಲೆಯಲ್ಲಿ ಕಲಿತ ಹಿಂದಿ, ಕಚೇರಿಯ ಸಾಬರೊಂದಿಗೆ ಆಡಿ ಕಲಿತ ಉರ್ದು ಎರಡೂ ಅಷ್ಟಿಷ್ಟು ನನಗೆ ಬರುವುದರಿಂದ ನನ್ನನ್ನೇ ಮುಂದೆ ಬಿಟ್ಟರು. ನನ್ನ ಕಾರ್ಡು ನೋಡಿದರು, ಅರವತ್ತೇಳು, ಬಿಟ್ಟರು. ಅವಳ ಕಾರ್ಡು ಕೊಟ್ಟೆ.

ಮೇಜಿನ ಹಿಂದಿದ್ದ ಅಧಿಕಾರಿ ವಯಸ್ಸಾದವರು, ಬಿಳಿ ಮೀಸೆ. ಕಾರ್ಡನ್ನು ತಿರುಗಿಸಿ ನೋಡಿ, ವೋಟರ್ ಕಾರ್ಡು ಎಲ್ಲಿ ಎಂದರು. ನಾನು ಇವರಿಗೂ ಅರವತ್ತೈದು ದಾಟಿದೆ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಕಾರ್ಡಿನಲ್ಲಿ ಇರುವುದು ಅರವತ್ಮೂರು.

ಅವರು ಕಾರ್ಡಿನಿಂದ ಕಣ್ಣು ತೆಗೆದು ಅವಳನ್ನು ನೋಡಿದರು. ಪೂರ್ತಿ ಬೆಳ್ಳಗಾದ ಕೂದಲು, ದಪ್ಪ ಕನ್ನಡಕ, ಸ್ವಲ್ಪ ಬಾಗಿದ ಬೆನ್ನು. ನನ್ನನ್ನು ನೋಡಿದರು. ನಾನು ಕೂದಲಿಗೆ ಬಣ್ಣ ಹಚ್ಚುವವನು. ಅವರು ಮೀಸೆಯಡಿ ನಕ್ಕು, ಹಿಂದಿಯಲ್ಲಿ ಮೆಲ್ಲಗೆ ಹೇಳಿದ್ದು ಇದು: "ಬಾಬಾ, ಹಳ್ಳಿಯವರ ಕಾರ್ಡಿನಲ್ಲಿ ವಯಸ್ಸು ತಪ್ಪಾಗಿರುವುದು ನಾವು ದಿನಾ ನೋಡುತ್ತೇವೆ. ನಿಜವಾದ ಉಮರ್ ಎಷ್ಟು ಹೇಳಿ. ಅರವತ್ತೈದು ದಾಟಿದ್ದರೆ ಒಂದು ಹಾಳೆಯಲ್ಲಿ ಹಾಗೆಂದು ಬರೆದು ಸಹಿ ಮಾಡಿ, ನಿಮ್ಮವರಿಬ್ಬರು ಸಾಕ್ಷಿ ಹಾಕಲಿ. ನಾನು ಬಿಡುತ್ತೇನೆ."

ಒಂದು ಹಾಳೆ ಬರೆಯುವುದು. ಜೀವನವಿಡೀ ಮಾಡಿದ ಕೆಲಸ. ಜೇಬಿನಲ್ಲಿ ಪೆನ್ನಿತ್ತು.

ನನ್ನ ಹಿಂದೆಯೇ ಗೆಳೆಯ ನಿಂತಿದ್ದ. ಅವನಿಗೆ ಹಿಂದಿ ಬರದು, ಆದರೆ ಉಮರ್ ಎಂಬ ಮಾತು ನಮ್ಮ ಕಡೆ ಯಾರಿಗೆ ತಿಳಿಯುವುದಿಲ್ಲ? ಅವನು ನನ್ನ ಭುಜದ ಮೇಲಿಂದ ಕತ್ತು ಚಾಚಿದ. "ಏನಲೇ, ಅತ್ತಿಗಿ ವಯಸ್ಸು ಕೇಳಾಕ ಹತ್ಯಾನೇನು ಸಾಹೇಬ? ಹೇಳಲೇ, ಹೇಳು! ನಲವತ್ತು ವರ್ಷದಿಂದ ನಾನೂ ಅದನ್ನ ಕೇಳಾಕ ಹತ್ತೀನಿ!"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮೈಗೆ ಆ ಹೋಟೆಲಿನ ಬಿಸಿ ಮತ್ತೆ ಏರಿತು. ಸಾಕ್ಷಿ ಹಾಕಬೇಕಾದವನು ಇವನೇ.

"ಇಲ್ಲ ಸಾಹೇಬರೇ" ಎಂದೆ ಹಿಂದಿಯಲ್ಲಿ. "ಕಾರ್ಡಿನಲ್ಲಿ ಇರುವುದೇ ಸರಿ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಕಾರ್ಡನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, ಮುಂದಿನವರು ಬರಲಿ ಎಂದು ಕೈ ಮಾಡಿದರು.

ಅವಳಿಗೆ ಒಂದು ಮಾತೂ ತಿಳಿದಿರಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಬಂದೆ.

"ಏನಂದ್ರು?"

"ಅರವತ್ತೈದು ಆಗಿಲ್ಲ, ವೋಟರ್ ಕಾರ್ಡ್ ಇಲ್ದ ಬಿಡಂಗಿಲ್ಲಂತ."

ಅವಳು ದನಿ ತಗ್ಗಿಸಿದಳು. "ನನಗ ಎಪ್ಪತ್ತಾಗ್ಯಾವಲ್ರಿ. ಹೇಳಲಿಲ್ಲೇನು ನೀವು?"

"ಹೇಳಿದೆ. ಕಾಗದಾಗ ಇದ್ದದ್ದ ಖರೆ ಅಂತಾರ."

ಇದು ಆವತ್ತಿನ ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಯಾತ್ರೆಯವರು ಓಡಾಡಿದರು. ಹಡಗಲಿಯಲ್ಲಿರುವ ನಮ್ಮ ಮಗಳಿಗೆ ಫೋನು ಮಾಡಿ ಕಾರ್ಡಿನ ಚಿತ್ರ ತರಿಸೋಣವೆಂದರು. ಅಲಮಾರಿಯ ಕೀಲಿ ನನ್ನ ಜೇಬಿನಲ್ಲಿತ್ತು. ಫೋನಿನಲ್ಲಿನ ಚಿತ್ರ ನಡೆಯುವುದಿಲ್ಲ, ಮೂಲ ಕಾರ್ಡೇ ಬೇಕು ಎಂದು ಅಲ್ಲಿನವರೂ ಹೇಳಿದರು. ನಾನು ಎಲ್ಲರ ಎದುರು ಸಿಟ್ಟಾದೆ. ಇದೆಂಥ ಕಾನೂನು, ಮುದುಕಿಯನ್ನು ಹೀಗೆ ಗೋಳಾಡಿಸುವುದೇ, ದೇವರ ದರ್ಶನಕ್ಕೂ ಚೀಟಿ ಬೇಕೇ ಎಂದು ಕೂಗಾಡಿದೆ. ಜನ ನನ್ನನ್ನು ಸಮಾಧಾನ ಮಾಡಿದರು. ಗೆಳೆಯನೇ ನೀರಿನ ಬಾಟಲಿ ತಂದುಕೊಟ್ಟ.

ಕಡೆಗೆ ಅವಳೇ ಹೇಳಿದಳು. "ನೀವು ಹೋಗ್ರಿ. ಇಬ್ರೂ ಇಲ್ಲೇ ಕುಂತ್ರ ಏನು ಬಂತು? ನನ್ನ ಹೆಸರೀಲೆ ಒಂದು ಬಿಲ್ವ ಏರ್ಸಿ ಬರ್ರಿ." ಮೊಣಕಾಲು ನೋವಿನಿಂದ ಮುಂದೆ ಬರಲಾರೆನೆಂದ ಇನ್ನೊಬ್ಬ ಮುದುಕಿಯ ಜೊತೆ ಈಚೆಯ ಧರ್ಮಶಾಲೆಯಲ್ಲಿ ಉಳಿದಳು.

ಬಸ್ಸಿನ ಚೀಟಿಗೆ ಇನ್ನೂ ಒಂದು ತಾಸು ಹಿಡಿಯಿತು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ. ಆ ಒಂದು ತಾಸು ನಾನು ಒಂದು ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಆ ಅಧಿಕಾರಿಯ ಮೇಜು ಐವತ್ತು ಹೆಜ್ಜೆ ದೂರ. ಸಾಲು ಕರಗಿತ್ತು. ನಮ್ಮವರೆಲ್ಲ ಬಸ್ಸು ಹತ್ತಿದ್ದರು. ಅವರು ಒಬ್ಬರೇ ಕುಳಿತು ಚಹಾ ಕುಡಿಯುತ್ತಿದ್ದರು. ಎದ್ದು ಹೋಗಿ, ತಪ್ಪು ಹೇಳಿದೆ ಸಾಹೇಬರೇ, ಅವಳಿಗೆ ಎಪ್ಪತ್ತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸಾಕ್ಷಿಗೆ ಇಬ್ಬರನ್ನು ಬಸ್ಸಿನಿಂದ ಇಳಿಸಿ ಕರೆಯಬೇಕಿತ್ತು. ನಾನು ಏಳಲಿಲ್ಲ. ಬಸ್ಸು ಹಾರನ್ ಹೊಡೆದಾಗ ಮಾತ್ರ ಎದ್ದೆ.

ಆ ಮೂರು ದಿನ ನಾನು ಎಲ್ಲರೊಂದಿಗೂ ಜಗಳವಾಡಿದೆ. ಚಪ್ಪಲಿ ಕಾಯುವವನೊಂದಿಗೆ, ರುದ್ರಾಕ್ಷಿ ಮಾರುವವನೊಂದಿಗೆ, ಬೇಳೆ ಉಪ್ಪಾಯಿತೆಂದು ಅಡಿಗೆಯವನೊಂದಿಗೆ. ಪಶುಪತಿನಾಥನ ಗುಡಿಯಲ್ಲಿ ಜನ ನೂಕುತ್ತಿದ್ದರು. ನನಗೆ ಬಾಗಿಲಿನ ಎದುರಿಗಿದ್ದ ಒಂದು ಮುಖ ಮಾತ್ರ ಕಂಡಿತು, ಅದೂ ಯಾರದೋ ತಲೆಯ ಸಂದಿಯಿಂದ. ಬಿಲ್ವವನ್ನು ಯಾರೋ ಕೈಯಿಂದ ಕಿತ್ತುಕೊಂಡು ಒಳಗೆ ಎಸೆದರು. ಅದು ಅವಳ ಹೆಸರಿನದೆಂದು ಹೇಳಲೂ ಆಗಲಿಲ್ಲ.

ವಾಪಸ್ ಬಂದಾಗ ಅವಳು ಧರ್ಮಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡಳು.

"ಹೆಂಗೈತ್ರಿ ಗುಡಿ?"

"ದೊಡ್ಡದೈತಿ."

"ನಾಕೂ ಮುಖ ನೋಡಿದ್ರೇನು?"

"ನೋಡಿದೆ" ಎಂದೆ.

ಊರಿಗೆ ಬಂದ ಮೇಲೆ ಓಣಿಯವರೆಲ್ಲ ಬಂದು ಕೇಳಿದರು. ಅವಳೇ ನನ್ನ ಪರವಾಗಿ ಹೇಳುತ್ತಿದ್ದಳು: "ಇವ್ರು ಭಾಳ ಹೇಳಿದ್ರು ಅವಗ, ಕೇಳಲಿಲ್ಲ." ಪ್ರತಿ ಸಲ ಆ ಮಾತು ಕೇಳಿದಾಗಲೂ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಕಾರ್ಡನ್ನಾದರೂ ಸರಿ ಮಾಡಿಸುತ್ತೇನೆಂದು ಹೊರಟೆ. ಅವಳು ಓದಿದ ಕೂಡ್ಲಿಗಿ ತಾಲೂಕಿನ ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿದೆ. ಗೆದ್ದಲು ತಿಂದ ಪುಟದಲ್ಲಿ ಅವಳ ಹುಟ್ಟಿದ ವರ್ಷ ನೆಟ್ಟಗೆ ಇತ್ತು. ಅದರ ನಕಲು ಹಿಡಿದು ಆಧಾರ್ ಕೇಂದ್ರಕ್ಕೆ ಹೋದರೆ, ಮೊದಲ ದಿನ ಟೋಕನ್ ಮುಗಿದಿತ್ತು. ಎರಡನೆಯ ದಿನ ಸರ್ವರ್ ಇಲ್ಲ. ಮೂರನೆಯ ಸಲ ಕಂಪ್ಯೂಟರ್ ಮುಂದಿದ್ದ ಹುಡುಗಿ ನೋಡಿ ಹೇಳಿದಳು:

"ಅಜ್ಜಾರೆ, ಹುಟ್ಟಿದ ದಿನಾಂಕ ಒಂದ ಸಲ ಬದಲು ಮಾಡಾಕ ಬರ್ತೈತಿ. ಇದರಾಗ ಆಗ್ಲೇ ಬದಲಾಗೈತ್ರಿ. ಯಾರು ಮಾಡ್ಸಿದ್ರು?"

ನಾನೇ. ಆಧಾರ್ ಮೊದಲು ಬಂದಾಗ ಅದನ್ನು ಮಾಡುವ ಹುಡುಗ ನೇರವಾಗಿ ಅವಳನ್ನೇ ಕೇಳಿದ್ದ, ಅವಳು ನಿಜ ಹೇಳಿದ್ದಳು. ಕಾರ್ಡು ಮನೆಗೆ ಬಂದಾಗ ನಾನು ಕೆಂಡವಾಗಿ, ಒಂದು ದೃಢೀಕರಣ ಪತ್ರ ತಯಾರಿಸಿ ಏಳು ವರ್ಷ ತಗ್ಗಿಸಿ ಬರೆಸಿದ್ದೆ. ಸರಿ ಮಾಡಿಸಲು ಇದ್ದ ಒಂದೇ ಅವಕಾಶವನ್ನು ಕೆಡಿಸುವುದಕ್ಕೆ ಬಳಸಿದ್ದೆ. ಈಗ ಪ್ರಮಾಣಪತ್ರ ಮಾಡಿಸಿ ದೊಡ್ಡ ಕಚೇರಿಗೆ ಕಳಿಸಬೇಕು, ಅವರು ಒಪ್ಪಿದರೆ ಆಯಿತು ಎಂದಳು ಹುಡುಗಿ. ಕಳಿಸಿದ್ದೇನೆ. ತಿರಸ್ಕರಿಸಲಾಗಿದೆ ಎಂದು ಒಮ್ಮೆ ಬಂತು. ಮತ್ತೆ ಕಳಿಸಿದ್ದೇನೆ. ಇನ್ನೂ ಉತ್ತರವಿಲ್ಲ.

"ದಿನಾ ಎಲ್ಲಿಗೆ ಹೊಂಟೀರಿ, ಕಾಗದ ಹಿಡ್ಕೊಂಡು?" ಎಂದು ಒಂದು ದಿನ ಅವಳು ಕೇಳಿದಳು. ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಅಲ್ಲೇ ನೆಲದ ಮೇಲೆ ಕುಳಿತು ಎಲ್ಲ ಹೇಳಿಬಿಟ್ಟೆ. ಅವಳ ಕೈ ನಿಲ್ಲಲಿಲ್ಲ. ಕಲ್ಲು ಆರಿಸಿ ಆರಿಸಿ ಪಕ್ಕಕ್ಕೆ ಇಡುತ್ತಿದ್ದಳು.

"ಅವ ಹಂಗಂದ್ನಾ? ಬರದುಕೊಟ್ರ ಬಿಡ್ತೀನಂತ?"

"ಹೂಂ."

"ನೀವು ಬರೀಲಿಲ್ಲ."

"ಇಲ್ಲ. ನನ್ನ ಗೆಳೆಯ ಹಿಂದ ನಿಂತಿದ್ದ."

ಅವಳು ಮೊರ ಕೆಳಗಿಟ್ಟಳು. "ಆ ಮನಷ್ಯಾಗ ನಾನು ದೊಡ್ಡಾಕಿ ಅಂತ ಲಗ್ನದಾಗ ಗೊತ್ತಿತ್ರಿ. ಅವನ ಹೇಣ್ತಿಗೂ ಗೊತ್ತೈತಿ. ಓಣಿಗೆಲ್ಲ ಗೊತ್ತೈತಿ. ಯಾರಿಂದ ಮುಚ್ಚಿಟ್ರಿ ಇಷ್ಟು ವರ್ಷ?"

ಅವಳೇ ಮುಂದುವರಿಸಿದಳು.

"ಅಲ್ಲಿ ಧರ್ಮಶಾಲಿಯಾಗ ಮೂರು ದಿನ ಕುಂತು, ನಾನು ಏನು ಪಾಪ ಮಾಡೀನೋ, ಅದಕ್ಕ ದೇವ್ರು ನನ್ನ ಬಾಗಿಲತನಕ ಕರದು ಹೊರಗ ನಿಲ್ಲಿಸ್ಯಾನ ಅನಕೊಂಡಿದ್ದೆ. ಇಷ್ಟು ದಿನಾನೂ ಅದನ್ನ ಅನಕೊಂಡೀನಿ."

ನನ್ನ ಮೇಲೆ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂಗಾಡಲಿಲ್ಲ. ಎದ್ದು ಬಂದು ನನ್ನ ಜೇಬಿನಿಂದ ಅಲಮಾರಿಯ ಕೀಲಿ ತೆಗೆದುಕೊಂಡಳು. ತನ್ನ ಕಾರ್ಡುಗಳನ್ನೆಲ್ಲ ಆರಿಸಿ ತನ್ನ ಟ್ರಂಕಿನಲ್ಲಿಟ್ಟಳು. ಆಮೇಲೆ ಎರಡು ವಾರ ಬೇಕಾದಷ್ಟು ಮಾತ್ರ ಮಾತಾಡಿದಳು.

ಅವಳಿಗೆ ಹೇಳಿದ ಮರುದಿನವೇ ನಾನು ಗೆಳೆಯನ ಅಂಗಡಿಗೆ ಹೋಗಿ ಅವನಿಗೂ ಹೇಳಿದೆ. ಅವನು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದ. "ಹುಚ್ಚಸೂಳಿಮಗನ, ನಾನು ಚಾಷ್ಟಿ ಮಾಡಿದ್ನಲೇ" ಎಂದ. ನಗಲಿಲ್ಲ. ಸಹಿ ಹಾಕುತ್ತಿದ್ದೆನಲ್ಲೋ, ಕೇಳಬಾರದಿತ್ತೇ ಎಂದು ಅವನೇ ಬೇಜಾರು ಮಾಡಿಕೊಂಡ. ಅದು ನನಗೆ ಇನ್ನೂ ಕಷ್ಟವಾಯಿತು.

ಮೊನ್ನೆ ಯಾತ್ರೆಯವರು ಈ ವರ್ಷದ ಪಟ್ಟಿ ಮಾಡಲು ನಮ್ಮ ಓಣಿಗೆ ಬಂದಿದ್ದರು. ಅವಳು ಟ್ರಂಕಿನಿಂದ ವೋಟರ್ ಕಾರ್ಡು ತೆಗೆದುಕೊಂಡು ಬಂದು ಅವರ ಎದುರು ಕುಳಿತಳು.

"ನಂದು ಬರಕೊಳ್ರಿ. ವಯಸ್ಸು ಎಪ್ಪತ್ತೊಂದು."

"ಕಾರ್ಡಿನ್ಯಾಗ ಬ್ಯಾರೆ ಐತಲ್ರೀ ಅಮ್ಮಾ?"

"ಕಾರ್ಡು ಇವರು ಬರ್ಸಿದ್ದು. ವಯಸ್ಸು ನಂದು."

ಯಾತ್ರೆಯವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. "ಗಡಿಯಾಗ ಕಾರ್ಡಿನ ಪ್ರಕಾರನ ಹೋಗ್ತೈತ್ರಿ, ವೋಟರ್ ಕಾರ್ಡ್ ಐತಿ, ತೊಂದ್ರಿ ಇಲ್ಲ" ಎಂದು ಬರೆದುಕೊಂಡು, "ಯಜಮಾನ್ರದು?" ಎಂದರು.

ಅವಳು ನನ್ನ ಕಡೆ ನೋಡಲಿಲ್ಲ. ನಾನು ಹೇಳಿದೆ. "ನಂದೂ ಬರ್ಕೊಳ್ರಿ. ಆದ್ರ ನಾನು ಗಡಿತನಕ ಬರ್ತೀನಿ. ಆಚಿಗೆ ಬರಂಗಿಲ್ಲ. ನೀವು ವಾಪಸ್ ಬರಾತನಕ ಈಚೆ ಧರ್ಮಶಾಲಿಯಾಗ ಇರ್ತೀನಿ."

"ಅದೆಂಥದ್ರೀ? ಅಷ್ಟು ದೂರ ಬಂದು ಬಾಗಿಲಾಗ ಕುಂದ್ರಾದು?" ಯಾತ್ರೆಯವರು ಪೆನ್ನು ಎತ್ತಿ ಹಿಡಿದು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಬೇಡವೆನ್ನುತ್ತಾಳೋ, ಆಚೆಗೂ ಬನ್ನಿ ಎನ್ನುತ್ತಾಳೋ ಎಂದು ನಾನೂ ಕಾದೆ. ಅವಳು ವೋಟರ್ ಕಾರ್ಡನ್ನು ಸೆರಗಿನ ತುದಿಯಿಂದ ಒರೆಸಿ ಕವರಿಗೆ ಹಾಕಿಕೊಂಡಳು.

"ಬರ್ಕೊಳ್ರಿ" ಎಂದಳು ಅವರಿಗೆ. ಆಮೇಲೆ ನನಗೆ: "ಅಲ್ಲಿ ಸೊಳ್ಳಿ ಭಾಳ ಅದಾವ. ದಪ್ಪಂದು ಚಾದರ ಇಟ್ಕೊಳ್ರಿ."